ಪೀಡೆ ಪ್ರಾಣಿ ನಿರ್ವಹಣೆಯ ವೃತ್ತಿ ತರಬೇತಿ: ಬೋನಿಗಿಂತ ಮೊದಲು ಯೋಜನೆ
ಆಕ್ರಮಣಕಾರಿ ಪ್ರಾಣಿಗಳ, ಅಂದರೆ ಹೊರಗಿನಿಂದ ಬಂದು ಹರಡಿ ಹಾನಿ ಮಾಡುವ ಪ್ರಾಣಿಗಳ, ನಿಯಂತ್ರಣ ಕಲಿಸುವ ಈ ತರಬೇತಿ ಬೋನು, ವಿಷಗಳಿಂದ ಶುರುವಾಗುವುದಿಲ್ಲ. ಅದೇ ಇದರ ದೊಡ್ಡ ಗುಣ. ಎಷ್ಟು ಪ್ರಾಣಿ ಸತ್ತವು ಎನ್ನುವುದಲ್ಲ, ಹಾನಿ ಎಷ್ಟು ತಗ್ಗಿತು ಎನ್ನುವುದೇ ಅಳತೆಗೋಲು. ನಿರ್ಮೂಲನೆಗೆ ಮೂರು ಷರತ್ತು: ಸಂತತಿ ಬೆಳೆಯುವ ವೇಗವನ್ನು ಮೀರಿ ತೆಗೆಯಬೇಕು, ಪ್ರತಿಯೊಂದು ಪ್ರಾಣಿಯೂ ವಿಧಾನದ ಕೈಗೆ ಸಿಗಬೇಕು, ಹೊರಗಿನಿಂದ ಹೊಸವು ಬರಬಾರದು. ಒಂದು ತಪ್ಪಿದರೂ ಖರ್ಚೆಲ್ಲ ನೀರುಪಾಲು. ಆಗ ಹರಡದಂತೆ ತಡೆಯುವುದೇ ಸರಿಯಾದ ಗುರಿ.

ಆಸ್ಟ್ರೇಲಿಯಾದ ಮ್ಯಾಕ್ವಾರಿ ದ್ವೀಪದಲ್ಲಿ 2000ದ ಹೊತ್ತಿಗೆ ಬೆಕ್ಕುಗಳನ್ನು ತೆಗೆದರು. ನಂತರ ಮೊಲಗಳು ಹೆಚ್ಚಿ ಸಸ್ಯಗಳನ್ನು ಬೋಳಿಸಿದವು. ಮೊಲ, ಹೆಗ್ಗಣ, ಇಲಿಗಳನ್ನು ಒಟ್ಟಿಗೇ ಗುರಿಯಾಗಿಸಿದ ಮೇಲೆ, 2014ರಲ್ಲಿ ದ್ವೀಪ ಈ ಪೀಡೆಗಳಿಂದ ಮುಕ್ತವೆಂದು ಘೋಷಿತವಾಯಿತು. ಪೀಡೆಗಳನ್ನು ಬಿಡಿಬಿಡಿಯಾಗಿ ನೋಡಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಪೀಡೆಗಳಿಗೆ ಇಡುವ ವಿಷ ಬೆರೆಸಿದ ಆಹಾರದ ಅಧ್ಯಾಯ ಗಟ್ಟಿಯಾಗಿದೆ. ಕೂಡಲೇ ಕೊಲ್ಲುವ ವಿಷವಾದರೆ ಮೊದಲು ವಿಷವಿಲ್ಲದ ಅದೇ ಆಹಾರವನ್ನು ತಿನ್ನುವ ಪ್ರಮಾಣ ಸ್ಥಿರವಾಗುವವರೆಗೆ ಇಡಬೇಕು. ಅರೆಪ್ರಮಾಣ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳಿಗೆ ಈ ತೊಡಕು ಕಡಿಮೆ, ಆದರೆ ಸತ್ತ ಇಲಿ ತಿಂದ ಗೂಬೆಗಳೂ ಸಾಯಬಹುದು, ಕಳೇಬರಗಳನ್ನು ಆಯಲೇಬೇಕು.

ಕೊರತೆ ಒಂದೇ: ಸಮೀಕ್ಷೆಯ ಅಭ್ಯಾಸ ಸಾಲದು. ಕ್ಯಾಮೆರಾ, ಹೆಜ್ಜೆಗುರುತುಗಳ ಎಣಿಕೆಯನ್ನು ಕಾರ್ಯಾಚರಣೆಯ ಮುಂಚೆ ಮತ್ತು ನಂತರ, ಹೋಲಿಕೆಗಾಗಿ ಏನೂ ಮಾಡದ ಜಾಗದಲ್ಲೂ, ಒಂದೇ ರೀತಿ ಮಾಡಿಸಬೇಕಿತ್ತು.