ಅಪ್ಪನ ಕಣ್ಣಿನ ಹನಿ, ಫೋನಿನ ಅಧಿಸೂಚನೆ: ಮೂರು ವರ್ಷ ಬಳಸಿದ ಮೇಲೆ

ಅಪ್ಪನಿಗೆ ಗ್ಲಾಕೋಮಾ. ದಿನಕ್ಕೆ ಎರಡು ಹೊತ್ತು ಕಣ್ಣಿಗೆ ಹನಿ ಬೀಳಲೇಬೇಕು. ಈ ಕಾಯಿಲೆಯಲ್ಲಿ ಕಳೆದುಹೋದ ದೃಷ್ಟಿ ಮರಳುವುದಿಲ್ಲ. ಪರದೆಯ ಅಕ್ಷರಗಳು ಅವರಿಗೆ ಕಾಣುವುದಿಲ್ಲವಾದ್ದರಿಂದ ಹೊತ್ತು ನೆನಪಿಸುವ ಕೆಲಸವನ್ನು ಆಂಡ್ರಾಯ್ಡ್ ಫೋನಿನ ಒಂದು ಧ್ವನಿ ಸಹಾಯಕ ಆ್ಯಪ್‌ಗೆ ವಹಿಸಿದ್ದೇವೆ.

ಮೊದಲ ತಿಂಗಳು ಸಾಕುಸಾಕಾಯಿತು. ‘ಆಲಿಸುತ್ತಿದೆ’ ಎಂಬ ಸೂಚನೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕಡತ ಇಳಿಯುತ್ತಿದೆ, ಸಿಂಕ್ (ಮಾಹಿತಿಯ ಹೊಂದಾಣಿಕೆ) ಮುಗಿಯಿತು, ಹೊಸ ಸೌಲಭ್ಯ ಬಂದಿದೆ ಎಂದು ಮೇಲಿಂದ ಮೇಲೆ ಸದ್ದು ಬೇರೆ. ಅಪ್ಪ ಮಾತಿನ ನಡುವೆ ತಡವರಿಸುತ್ತಿದ್ದರು. ಸಿಟ್ಟಿನಿಂದ ಆ ಆ್ಯಪ್‌ನ ಅಧಿಸೂಚನೆಗಳನ್ನೆಲ್ಲ ಒಟ್ಟಿಗೆ ಬಂದ್ ಮಾಡಿದೆ. ಅಂದು ರಾತ್ರಿ ಹನಿಯ ಕರೆಯೂ ಬರಲಿಲ್ಲ. ಅದು ಕರೆಯುತ್ತದೆಂದು ಅಪ್ಪ ಕಾಯುತ್ತಲೇ ಕುಳಿತಿದ್ದರು.

2017ರ ಆಂಡ್ರಾಯ್ಡ್ 8ರಿಂದಲೂ ಪ್ರತಿ ಆ್ಯಪ್‌ನ ಸೂಚನೆಗಳನ್ನು ಚಾನೆಲ್‌ಗಳಾಗಿ, ಅಂದರೆ ಬೇರೆಬೇರೆ ಬಗೆಯ ಗುಂಪುಗಳಾಗಿ, ವಿಂಗಡಿಸುವ ವ್ಯವಸ್ಥೆಯಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಸೂಚನೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಆ ಚಾನೆಲ್ ಒಂದನ್ನೇ ನಿಶ್ಶಬ್ದಗೊಳಿಸಬಹುದು. ಕಡತ, ಸಿಂಕ್, ಪ್ರಚಾರ ಮೂರನ್ನೂ ಮೌನಗೊಳಿಸಿ ಜ್ಞಾಪನೆಗೆ ಮಾತ್ರ ಪೂರ್ತಿ ಸದ್ದು ಉಳಿಸಿದೆ. ‘ಅಡಚಣೆ ಮಾಡಬೇಡಿ’ ಸ್ಥಿತಿಯಲ್ಲೂ ಜ್ಞಾಪನೆಗಳಿಗೆ ವಿನಾಯಿತಿ ಕೊಟ್ಟೆ. ಮನೆ ಶಾಂತವಾಯಿತು.

‘ಆಲಿಸುತ್ತಿದೆ’ ಎಂಬುದನ್ನು ಈಗ ನಾನೇ ಬೇಕೆಂದು ಉಳಿಸಿಕೊಂಡಿದ್ದೇನೆ. ಹಿನ್ನೆಲೆಯಲ್ಲಿ ಬಹಳ ಹೊತ್ತು ದುಡಿಯುವ ಆ್ಯಪ್ ತಾನು ಓಡುತ್ತಿರುವುದನ್ನು ಬಳಕೆದಾರರಿಗೆ ತೋರಿಸಬೇಕೆಂಬುದು ಆಂಡ್ರಾಯ್ಡ್‌ನ ನಿಯಮ. 2022ರ ಆಂಡ್ರಾಯ್ಡ್ 13ರಿಂದ ಅಂಥ ಸೂಚನೆಯನ್ನು ಸರಿಸಿಬಿಡಬಹುದು; ಆ್ಯಪ್ ಮಾತ್ರ ಓಡುತ್ತಲೇ ಇರುತ್ತದೆ. ನಾನು ಸರಿಸುವುದಿಲ್ಲ. ಬೆಳಿಗ್ಗೆ ಅದು ಕಾಣದಿದ್ದರೆ ಸಹಾಯಕ ಸತ್ತಿದೆ ಎಂದು ತಕ್ಷಣ ತಿಳಿಯುತ್ತದೆ. ಹಿಂದಿನ ಫೋನಿನಲ್ಲಿ ಹಾಗೆ ಎಷ್ಟೋ ಸಲ ಆಗಿದೆ. ಬ್ಯಾಟರಿ ಉಳಿಸುವ ನೆಪದಲ್ಲಿ ಆ ಫೋನು ಆ್ಯಪ್ ಅನ್ನು ರಾತ್ರೋರಾತ್ರಿ ಕೊಲ್ಲುತ್ತಿತ್ತು. ಬ್ಯಾಟರಿ ನಿರ್ಬಂಧವನ್ನು ಆ ಆ್ಯಪ್‌ಗೆ ತೆಗೆದುಹಾಕಿದರೂ ಪ್ರತಿ ಅಪ್‌ಡೇಟ್ ನಂತರ ಮತ್ತೆ ಅದೇ ಪಾಡು. ಕೊನೆಗೆ ಫೋನನ್ನೇ ಬದಲಿಸಿದೆವು.

ಆ್ಯಪ್ ಮಾಡುವವರಲ್ಲಿ ಒಂದು ಕೋರಿಕೆ: ಔಷಧದ ಜ್ಞಾಪನೆಯನ್ನೂ ಜಾಹೀರಾತನ್ನೂ ಒಂದೇ ಚಾನೆಲ್‌ಗೆ ತುರುಕಬೇಡಿ. ಮತ್ತೊಂದು ಸಹಾಯಕವನ್ನು ಎರಡು ವಾರ ಬಳಸಿ ನೋಡಿದಾಗ ಅದರಲ್ಲಿ ಹಾಗೆಯೇ ಇತ್ತು. ರಿಯಾಯಿತಿಯ ಸುದ್ದಿಯನ್ನು ತಡೆದರೆ ಹನಿಯ ಕರೆಯೂ ನಿಲ್ಲುತ್ತಿತ್ತು. ಉಳಿದ ವಿಷಯಗಳಲ್ಲಿ ಅದು ಚೆನ್ನಾಗಿಯೇ ಇತ್ತು, ಕನ್ನಡವೂ ಅದಕ್ಕೆ ಹೆಚ್ಚು ಅರ್ಥವಾಗುತ್ತಿತ್ತು. ಆದರೂ ತೆಗೆದುಹಾಕಿದೆ.