ಹೊಳೆ ದಂಡೆಯೋ, ಬಂಡೆ ಬೆಟ್ಟವೋ?

ಬೆಂಗಳೂರಿಂದ ಒಂದು ದಿನದ ಸುಲಭ ನಡಿಗೆ, ಅದೂ ಒಣಕಾಡಲ್ಲಿ ಅಂದರೆ ನನಗೆ ನೆನಪಾಗುವುದು ಎರಡು: ಭೀಮೇಶ್ವರಿ, ರಾಮದೇವರ ಬೆಟ್ಟ.

ಭೀಮೇಶ್ವರಿ ಸುಮಾರು 100 ಕಿ.ಮೀ. ದೂರ, ಕಾವೇರಿ ವನ್ಯಜೀವಿಧಾಮದಲ್ಲಿದೆ. ಒಂದು ಕಡೆ ಕುರುಚಲು ಗುಡ್ಡ, ಇನ್ನೊಂದು ಕಡೆ ಹೊಳೆಮತ್ತಿ ಮರಗಳ ತಂಪು. ಬೂದು ಬಣ್ಣದ ದೊಡ್ಡ ಅಳಿಲು ಇರುವುದು ಆ ಮರಗಳಲ್ಲೇ, ತಲೆ ಎತ್ತಿ ನಡೆಯಿರಿ. ಬಂಡೆ ಮೇಲೆ ಮೊಸಳೆ, ಅದೃಷ್ಟ ಇದ್ದರೆ ನೀರುನಾಯಿ. ಆನೆಗಳೂ ಇವೆ, ಸುಮ್ನೆ ಒಬ್ಬರೇ ನುಗ್ಗಬೇಡಿ. ಅನುಮತಿ, ಗೈಡ್ ಎರಡೂ ಬೇಕು. ನೀರಿಗಂತೂ ಇಳಿಯಲೇಬೇಡಿ, ಸುಳಿ ಜಾಸ್ತಿ.

ರಾಮನಗರದ ರಾಮದೇವರ ಬೆಟ್ಟ ಅದರ ಅರ್ಧ ದೂರ. 2012ರಲ್ಲಿ ರಣಹದ್ದು ಧಾಮವಾಯಿತು. ಹೊಳೆ ಇಲ್ಲ, ಮೆಟ್ಟಿಲುಗಳಿವೆ. ಅರ್ಧ ದಿನ ಮಾತ್ರ ಬಿಡುವಿದ್ದರೆ ಇದೇ ಸರಿ. ನಾನಾದರೆ ಬೆಳಗಿನ ಜಾವ ಎದ್ದು ಕಾವೇರಿಗೇ ಹೊರಡುತ್ತೇನೆ.