ಕಾರು ಇಷ್ಟ, ಅದರ ಡಿಕ್ಕಿ ಲಾಕ್ ಮಾತ್ರ ಕಷ್ಟ

ಕಾರಿನ ಬಗ್ಗೆ ನನ್ನ ದೂರಿಲ್ಲ. ಪುಣೆಯ ಟ್ರಾಫಿಕ್‌ನಲ್ಲೂ ಮೈಲೇಜ್ ಕೊಡುತ್ತದೆ, ಊರಿಗೆ ಹೋಗುವಾಗ ಖಂಬಾಟ್ಕಿ ಘಾಟನ್ನು ಎ.ಸಿ. ಹಾಕಿಕೊಂಡೇ ಹತ್ತುತ್ತದೆ, ಹಿಂದೆ ಮೂವರು ಕೂತರೂ ಇಕ್ಕಟ್ಟಿಲ್ಲ. ನನ್ನ ಸಿಟ್ಟೆಲ್ಲ ಡಿಕ್ಕಿ ಬಾಗಿಲಿನ ಲಾಕ್ ಮೇಲೆ. ಷೋರೂಮಿನಲ್ಲಿ ಯಾರೂ ಇದನ್ನು ಸರಿಯಾಗಿ ನೋಡುವುದಿಲ್ಲ, ಆದರೆ ದಿನಾ ಕೈ ಹೋಗುವುದು ಅಲ್ಲಿಗೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ಡಿಕ್ಕಿಗೆ ಕೀ ಹಾಕುವ ತೂತಿಲ್ಲ. ಡ್ರೈವರ್ ಸೀಟಿನ ಪಕ್ಕ ಎಳೆಯುವ ಲಿವರ್ ಕೂಡ ಇಲ್ಲ. ನಂಬರ್ ಪ್ಲೇಟ್ ಮೇಲಿನ ಪಟ್ಟಿಯ ಅಡಿಗೆ ರಬ್ಬರ್ ಹೊದಿಸಿದ ಒಂದು ಸ್ವಿಚ್ ಇದೆ, ಅದನ್ನು ಒತ್ತಿದರೆ ಒಳಗಿನ ಪುಟ್ಟ ಮೋಟರ್ ಕೊಂಡಿ ಬಿಡಿಸುತ್ತದೆ. ಅದೂ ನಾಲ್ಕೂ ಬಾಗಿಲು ಅನ್‌ಲಾಕ್ ಆಗಿದ್ದರೆ ಮಾತ್ರ. ರಿಮೋಟಿನಲ್ಲಿ ಎರಡೇ ಬಟನ್, ಒಂದು ಲಾಕ್, ಒಂದು ಅನ್‌ಲಾಕ್. ಡಿಕ್ಕಿ ಒಂದನ್ನೇ ತೆಗೆಯಲು ದಾರಿಯೇ ಇಲ್ಲ.

ಇದರ ತಾಪತ್ರಯ ಸ್ವಾರಗೇಟ್‌ಗೆ ಯಾರನ್ನಾದರೂ ಕರೆದುಕೊಂಡು ಬರಲು ಹೋದಾಗ ಗೊತ್ತಾಗುತ್ತದೆ. ಹುಬ್ಬಳ್ಳಿ ಬಸ್ಸಿನಿಂದ ಅಪ್ಪ ಅವ್ವ ಇಳಿಯುತ್ತಾರೆ, ಜೊತೆಗೆ ಜೋಳದ ಹಿಟ್ಟಿನ ಚೀಲ, ಕಟಕ್ ರೊಟ್ಟಿಯ ಡಬ್ಬಿ, ಎರಡು ಬ್ಯಾಗು. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಎಂಜಿನ್ ಆಫ್ ಮಾಡುವ ಹಾಗೂ ಇಲ್ಲ. ಈ ಕಾರು ಓಡಲು ಶುರು ಮಾಡಿದ ಕೂಡಲೇ ಬಾಗಿಲುಗಳನ್ನು ತಾನೇ ಲಾಕ್ ಮಾಡಿಕೊಳ್ಳುತ್ತದೆ, ನಿಂತ ಮೇಲೆ ಬಿಡುವುದಿಲ್ಲ. ಅಪ್ಪ ಹಿಂದೆ ನಿಂತು ಸ್ವಿಚ್ ಒತ್ತುತ್ತಲೇ ಇರುತ್ತಾರೆ, 'ಡಿಕ್ಕಿ ತಗಿಯಪಾ, ಪೊಲೀಸ್ ಸೀಟಿ ಹೊಡ್ಯಾಕತ್ತಾನ' ಅಂತ ಕೂಗುತ್ತಾರೆ. ನಾನು ಒಳಗಿನಿಂದ ಅನ್‌ಲಾಕ್ ಒತ್ತಿದರೆ ನಾಲ್ಕೂ ಬಾಗಿಲು ತೆರೆದುಕೊಂಡವು ಅಂತಲೇ ಲೆಕ್ಕ, ಅಷ್ಟು ಜನರ ನಡುವೆ, ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ನನ್ನ ಹೆಂಡತಿ ಹಿಂಜವಡಿಯಿಂದ ಎಷ್ಟೋ ಸಲ ರಾತ್ರಿ ಹೊತ್ತಾಗಿ ಒಬ್ಬಳೇ ಬರುತ್ತಾಳೆ. ಡಿಕ್ಕಿಯಿಂದ ಒಂದು ಚೀಲ ತೆಗೆಯಲು ಪೂರ್ತಿ ಕಾರಿನ ಬಾಗಿಲು ಸಡಿಲ ಬಿಡಬೇಕು ಅನ್ನುವುದು ಅವಳಿಗೆ ಸ್ವಲ್ಪವೂ ಹಿಡಿಸಿಲ್ಲ. ಅವಳು ಹೇಳುವುದು ಸರಿ ಅಲ್ವಾ?

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ರಿಮೋಟಿನಿಂದ ಅನ್‌ಲಾಕ್ ಮಾಡಿ ಸುಮಾರು 30 ಸೆಕೆಂಡಿನೊಳಗೆ ಬಾಗಿಲು ತೆಗೆಯದಿದ್ದರೆ ಕಾರು ಮತ್ತೆ ಲಾಕ್ ಆಗುತ್ತದೆ. ಜೇಬಿನಲ್ಲಿ ಬಟನ್ ಅಕಸ್ಮಾತ್ ಒತ್ತಿಹೋದರೆ ಕಾರು ತೆರೆದೇ ಉಳಿಯಬಾರದು ಅಂತ ಈ ವ್ಯವಸ್ಥೆ, ಒಳ್ಳೆಯದೇ. ಆದರೆ ಈ ಮಾಡೆಲ್ ಡಿಕ್ಕಿ ತೆಗೆದದ್ದನ್ನು ಬಾಗಿಲು ತೆಗೆದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ ಚೀಲ ಎತ್ತಿಡಲು ಎರಡೂ ಕೈ ಬೇಕು, ಕೀ ಡಿಕ್ಕಿಯಲ್ಲಿಟ್ಟಿರಿ, ಚೀಲ ಹಾಕಿ ಬಾಗಿಲು ಬಡಿದಿರಿ, ಮುಗಿಯಿತು, ಕೀ ಒಳಗೆ, ನೀವು ಹೊರಗೆ. ನಮ್ಮ ಸೊಸೈಟಿಯಲ್ಲಿ ಇದೇ ಕಾರು ಇರುವ ಕಾಕಾ ಒಬ್ಬರಿಗೆ ಹೀಗೇ ಆಯಿತು. ಎರಡನೇ ಕೀ ಮನೆಯಲ್ಲಿತ್ತು, ಮಗಳು ರಿಕ್ಷಾದಲ್ಲಿ ತಂದುಕೊಟ್ಟಳು.

ಮಳೆಗಾಲದ್ದು ಬೇರೆಯೇ ಕಥೆ. ಸ್ವಿಚ್ ಮೇಲಿನ ರಬ್ಬರ್ ಬಿರುಕು ಬಿಟ್ಟರೆ ನೀರು ಒಳಗಿಳಿಯುತ್ತದೆ, ಸ್ವಿಚ್ ತುಕ್ಕು ಹಿಡಿಯುತ್ತದೆ. ನಮ್ಮ ಡಿಕ್ಕಿ ಹೋದ ಮಳೆಗಾಲದಲ್ಲಿ ಒಮ್ಮೆ ತೆರೆಯುತ್ತಿತ್ತು, ಒಮ್ಮೆ ಇಲ್ಲ. ಸರ್ವಿಸ್ ಸೆಂಟರಿನವರು ಸರಿಯಾಗಿ ನೋಡದೆಯೇ 'ಲಾಕ್ ಪೂರ್ತಿ ಬದಲಿಸಬೇಕು' ಅಂದರು. ಉಳಿದ ದೂರಿಗೆಲ್ಲ ಒಂದೇ ಉತ್ತರ, ಈ ಮಾಡೆಲ್ ಇರುವುದೇ ಹೀಗೆ. ಅದನ್ನು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಆಮೇಲೆ ನಾನಾ ಪೇಟೆಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ ಸರಿಯಾಗಿ ನಡೆಯುತ್ತಿವೆಯಾ ಅಂತ. ದೀಪವೂ ಆಗಾಗ ಆರುತ್ತಿತ್ತು! ಕಾರಿನ ಮೇಲ್ಛಾವಣಿಯಿಂದ ಡಿಕ್ಕಿ ಬಾಗಿಲಿಗೆ ಒಂದು ರಬ್ಬರ್ ಕೊಳವೆಯೊಳಗೆ ವೈರುಗಳು ಹೋಗುತ್ತವೆ, ಬಾಗಿಲು ತೆಗೆದು ಹಾಕಿದಾಗೆಲ್ಲ ಅವು ಅದೇ ಜಾಗದಲ್ಲಿ ಮಡಚುತ್ತವೆ, ಕೊನೆಗೆ ತುಂಡಾಗುತ್ತವೆ. ಕೊಳವೆ ಸರಿಸಿ ನೋಡಿ 'ವಾಯರ್ ತುಟ್ಲಿ ಆಹೆ' (ವೈರು ತುಂಡಾಗಿದೆ) ಅಂತ ಮರಾಠಿಯಲ್ಲಿ ಅಂದರು, ಜೋಡಿಸಿ ಕೊಟ್ಟರು, ಸ್ವಿಚ್ಚಿನ ರಬ್ಬರನ್ನೂ ಬದಲಿಸಿದರು. ಲಾಕ್ ಹಳೆಯದೇ ಇದೆ, ಕೆಲಸ ಮಾಡುತ್ತಿದೆ. ಡಿಕ್ಕಿ ಜೊತೆಗೆ ದೀಪ, ವೈಪರ್ ಕೂಡ ಆಟ ಆಡಿಸುತ್ತಿದ್ದರೆ ಹೊಸ ಲಾಕಿಗೆ ದುಡ್ಡು ಕೊಡುವ ಮೊದಲು ಆ ವೈರು ನೋಡಿಸಿ.

ಬ್ಯಾಟರಿ ಡೌನ್ ಆದರೆ ಏನು ಅಂತ ಕೇಳುವವರಿಗೆ. ಡ್ರೈವರ್ ಬಾಗಿಲು ಕೀಯಿಂದ ತೆರೆಯುತ್ತದೆ, ಡಿಕ್ಕಿ ತೆರೆಯುವುದಿಲ್ಲ. ಹಿಂದಿನ ಸೀಟು ಮಡಚಿ ಒಳಗೆ ತೆವಳಬೇಕು. ಡಿಕ್ಕಿ ಬಾಗಿಲಿನ ಒಳಮೈಯಲ್ಲಿ ಚಿಕ್ಕ ಪ್ಲಾಸ್ಟಿಕ್ ಮುಚ್ಚಳವಿದೆ, ಅದನ್ನು ಕಿತ್ತು ಸ್ಕ್ರೂಡ್ರೈವರ್‌ನಿಂದ ಒಳಗಿನ ತುಂಡನ್ನು ಪಕ್ಕಕ್ಕೆ ತಳ್ಳಿದರೆ ಕೊಂಡಿ ಬಿಡುತ್ತದೆ. ಸ್ಟೆಪ್ನಿ, ಜಾಕ್ ಎಲ್ಲ ಇರುವುದು ಡಿಕ್ಕಿಯಲ್ಲೇ, ಹಾಗಾಗಿ ಒಂದು ಸ್ಕ್ರೂಡ್ರೈವರನ್ನು ಮುಂದಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅರವತ್ತು ದಾಟಿದವರು ಹಾಗೆ ತೆವಳುವುದು ಹೇಗೆ ಅಂತ ಕಂಪನಿ ಯೋಚಿಸಬೇಕಿತ್ತು. ಹಳೆಯ ಸಣ್ಣ ಕಾರುಗಳಲ್ಲಿ ಸೀಟಿನ ಪಕ್ಕ ಒಂದು ಲಿವರ್, ಅದಕ್ಕೆ ಒಂದು ಕೇಬಲ್, ಅಷ್ಟೇ. ಬ್ಯಾಟರಿ ಇರಲಿ ಬಿಡಲಿ, ಎಳೆದರೆ ಡಿಕ್ಕಿ ತೆರೆಯುತ್ತಿತ್ತು.

ಹೊಸ ಕಾರು ನೋಡಲು ಹೋಗುವವರು ಟೆಸ್ಟ್ ಡ್ರೈವ್ ಮುಗಿದ ಮೇಲೆ ಎಂಜಿನ್ ಆಫ್ ಮಾಡದೆ, ಜೊತೆಗಿರುವವರನ್ನು ಇಳಿಸಿ ಡಿಕ್ಕಿ ತೆಗೆಯಲು ಹೇಳಿ. ಬಾಗಿಲು ಲಾಕ್ ಇದ್ದಾಗ ಡಿಕ್ಕಿ ಮಾತ್ರ ತೆಗೆಯಬಹುದಾ ಕೇಳಿ, ರಿಮೋಟಿನಲ್ಲಿ ಅದಕ್ಕೆ ಬೇರೆ ಬಟನ್ ಇದೆಯಾ ನೋಡಿ. ಸೇಲ್ಸ್‌ನವರು ಸ್ಕ್ರೀನ್ ತೋರಿಸಲು ಅವಸರ ಮಾಡುತ್ತಾರೆ, ಮಾಡಲಿ. ಕಾರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಡಿಕ್ಕಿ ಲಾಕಿಗೆ ಒಂದು.